1,536 ಸಾಲಿನ ಪಟ್ಟಿಯನ್ನು ಯಾರು ಓದುತ್ತಾರೆ?

ಗಂಗಾವತಿಯ ಗೆಳೆಯರೆ, ನಮಸ್ಕಾರ.

ತಂತಿಯ ಮೇಲೆ ಬಾರ್ ಜಾರಿಸಿ, ಕಾಲಿನ ಪೆಡಲ್‌ನಿಂದ ಶ್ರುತಿ ಬದಲಿಸಿ ನುಡಿಸುವ ಪೆಡಲ್ ಸ್ಟೀಲ್ ಗಿಟಾರಿನ ಸ್ಕೇಲು, ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಪ್ರೋಗ್ರಾಂ ಬರೆದು ಪಟ್ಟಿ ಮಾಡಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಅರ್ಧಕ್ಕಿಂತ ಜಾಸ್ತಿ ಬರೀ ಪಟ್ಟಿಯೇ ಇದೆ. ಈ ರೂಪದಲ್ಲಿ ಹಾಕಲು ಆಗುವುದಿಲ್ಲ. ಬಿಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಂಥ ವಿಷಯ ಬರೆಯುವ ಬೇರೆಯವರಿಗೂ ಉಪಯೋಗವಾಗಲಿ ಎಂದು, ಹೆಸರು ಬಿಟ್ಟು, ಇಲ್ಲೇ ಅಚ್ಚು ಹಾಕುತ್ತಿದ್ದೇವೆ.

ಮೊದಲ ಎರಡು ಪುಟ ತೆಗೆದುಬಿಡಿ. ಸ್ಟೀಲ್ ಗಿಟಾರ್ ಶುರು ಮಾಡಿದ ಹವಾಯಿಯ ಜೋಸೆಫ್ ಕೆಕುಕು, ಅಲ್ಲಿಂದ ಅಮೆರಿಕದ ನ್ಯಾಶ್‌ವಿಲ್, ಪೆಡಲ್ ಸ್ಟೀಲ್ ವಾದಕ ಬಡ್ಡಿ ಎಮನ್ಸ್, ಎಲ್ಲ ಸರಿ. ಆದರೆ ಅದನ್ನು ಯಾರು ಬೇಕಾದರೂ ಬರೆಯುತ್ತಾರೆ. ನಾಲ್ಕು ಸಾಲು ಸಾಕು. ಅಲ್ಲೇ ಒಂದು ತಪ್ಪೂ ಇದೆ. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂದದ್ದು ನಿಜ. ಅವರ ಮೋಹನವೀಣೆಯನ್ನು ‘ಭಾರತದ ಪೆಡಲ್ ಸ್ಟೀಲ್’ ಎಂದಿದ್ದೀರಿ. ಅದರಲ್ಲಿ ಪೆಡಲ್ಲೇ ಇಲ್ಲವಲ್ಲ! ತಂತಿಯ ಮೇಲೆ ಬಾರ್ ಜಾರಿಸುವುದಷ್ಟೇ ಎರಡಕ್ಕೂ ಸಮಾನ. ಕಾಲಿನಿಂದ ತಂತಿಯ ಶ್ರುತಿ ಏರಿಸಿ ಇಳಿಸುವ ಏರ್ಪಾಡು ನಿಮ್ಮ ವಾದ್ಯದ ಜೀವ. ಇಡೀ ಲೇಖನ ನಿಂತಿರುವುದೂ ಅದರ ಮೇಲೇ.

ನಮ್ಮ ಓದುಗರು ಯಾರೆಂದು ನೆನಪಿಡಿ. ಸಿರುಗುಪ್ಪ, ಸಿಂಧನೂರು ಕಡೆಯ ಪೇಟಿ (ಹಾರ್ಮೋನಿಯಂ) ಮಾಸ್ತರರು, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗರು, ಬಯಲಾಟದ ಹಾಡು ಕಲಿಯುವವರು. ಪೆಡಲ್ ಸ್ಟೀಲನ್ನು ಕಣ್ಣಾರೆ ಕಂಡವರು ಇವರಲ್ಲಿ ಸಿಗುವುದು ಕಷ್ಟ. ‘ಇ9 ಕೋಪೆಡೆಂಟ್’ (ತಂತಿಗಳ ಶ್ರುತಿ, ಪೆಡಲ್‌ಗಳ ಕೆಲಸ ತೋರಿಸುವ ಪಟ್ಟಿ) ಎಂದು ಮೊದಲ ಸಾಲಲ್ಲೇ ಬಂದರೆ ಸುಮ್ನೆ ಪುಟ ಮಗುಚುತ್ತಾರೆ. ಆದರೆ ಇವರಿಗೆ ಸರಿಗಮ ಚೆನ್ನಾಗಿ ಗೊತ್ತು. ಅದರಲ್ಲೇ ಹೇಳಿ. ನೀವು ಕೊಟ್ಟ ಶ್ರುತಿಯಲ್ಲಿ ಇ ತಂತಿಯನ್ನು ಸಾ ಎಂದುಕೊಂಡರೆ, 8ನೇ ತಂತಿ ಸಾ, 7 ರೆ, 6 ಗ, 5 ಪ, 4 ಮೇಲಿನ ಸಾ. ಎ ಪೆಡಲ್ ಒತ್ತಿದರೆ 5ನೇ ತಂತಿಯ ಪ ಹೋಗಿ ಧ ಆಗುತ್ತದೆ. ಬಿ ಪೆಡಲ್ ಒತ್ತಿದರೆ 6ನೇ ತಂತಿಯ ಗ ಹೋಗಿ ಮ ಆಗುತ್ತದೆ. ಸಾ ಅಲ್ಲಾಡುವುದಿಲ್ಲ. ಬಾರ್ ಇದ್ದಲ್ಲೇ ಇದೆ, ಸಾ-ಗ-ಪ ಇದ್ದದ್ದು ಸಾ-ಮ-ಧ ಆಯಿತು. ಇ ಮೇಜರ್ ಹೋಗಿ ಎ ಮೇಜರ್ ಬಂತು. ಇಷ್ಟು ಹೇಳಿದರೆ ಸಾಕು, ಮುಂದಿನದನ್ನು ಪೇಟಿ ಮಾಸ್ತರರು ತಾವೇ ಊಹಿಸುತ್ತಾರೆ.

ಇನ್ನು ಪ್ರೋಗ್ರಾಂ. ಮಾಮೂಲಿ ಗಿಟಾರಿನ ಕಾರ್ಡ್ ತೋರಿಸುವ ಸಾಫ್ಟ್‌ವೇರ್ ಇದಕ್ಕೆ ಯಾಕೆ ಆಗುವುದಿಲ್ಲ ಎಂದು ನೀವು ಎಲ್ಲೂ ಹೇಳಿಲ್ಲ. ಅಲ್ಲಿ ಒಂದೊಂದು ಬೆರಳು ಒಂದೊಂದು ಫ್ರೆಟ್ಟಿನಲ್ಲಿ, ಅಂದರೆ ಸ್ವರದ ಮನೆಯಲ್ಲಿ, ಕೂರಬಹುದು. ಇಲ್ಲಿ ಬಾರ್ ಒಂದೇ, ಹತ್ತೂ ತಂತಿಗೆ ಒಂದೇ ಫ್ರೆಟ್. ಬಾರನ್ನು ಓರೆ ಹಿಡಿಯುವುದು ಬೇರೆ ಮಾತು. ಹಾಗಾಗಿ ಇಲ್ಲಿ ಕೇಳಬೇಕಾದ್ದು: ಈ ಫ್ರೆಟ್ಟಿನಲ್ಲಿ, ಕಾಲು ಹೀಗಿದ್ದಾಗ, ಯಾವ ತಂತಿಯಲ್ಲಿ ಯಾವ ಸ್ವರ? ನಿಮ್ಮ ಪ್ರೋಗ್ರಾಂ ಕೇಳಿರುವುದು ಇದನ್ನೇ. ಅದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು, ಅಲ್ವಾ?

ಬಂದ ಉತ್ತರವನ್ನು ಮಾತ್ರ ನೀವು ಸೋಸಿಲ್ಲ. ಮೂರು ಪೆಡಲ್, ಮೊಣಕಾಲಿನಿಂದ ತಳ್ಳುವ ನಾಲ್ಕು ಲಿವರ್. ಒಂದೊಂದನ್ನೂ ಒತ್ತಿದೆ ಅಥವಾ ಇಲ್ಲ ಎಂದು ಹಿಡಿದರೆ 128 ಬಗೆ. ಅದಕ್ಕೆ 12 ಫ್ರೆಟ್, ಒಟ್ಟು 1,536 ಸಾಲು. ಗುಣಾಕಾರ ಸರಿಯಾಗಿಯೇ ಇದೆ. ಆದರೆ ನುಡಿಸುವವರ ಬಲಗಾಲು ವಾಲ್ಯೂಮ್ ಪೆಡಲ್ ಮೇಲಿರುತ್ತದೆ. ಮೂರೂ ಪೆಡಲ್ ನೋಡಿಕೊಳ್ಳಲು ಉಳಿಯುವುದು ಎಡಗಾಲೊಂದೇ. ಒಂದೊಂದು ಮೊಣಕಾಲಿಗೆ ಎಡಕ್ಕೊಂದು ಬಲಕ್ಕೊಂದು ಲಿವರ್ ಎಂದು ನೀವೇ ಬರೆದಿದ್ದೀರಿ. ಮೊಣಕಾಲು ಒಂದೇ ಹೊತ್ತಿಗೆ ಎರಡೂ ಕಡೆ ಹೋಗುತ್ತದೆಯೇ? ನಿಮ್ಮ 212ನೇ ಸಾಲು ತೆಗೆದು ನೋಡಿ. 4ನೇ ತಂತಿಯ ಇ ಸ್ವರವನ್ನು ಒಂದು ಲಿವರ್ ಎಫ್‌ಗೆ ಏರಿಸುತ್ತಿದೆ, ಇನ್ನೊಂದು ಡಿ ಶಾರ್ಪ್‌ಗೆ ಇಳಿಸುತ್ತಿದೆ. ಪ್ರೋಗ್ರಾಂ ಒಂದನ್ನು ಕೂಡಿ ಒಂದನ್ನು ಕಳೆದು, ‘ಇ’ ಎಂದೇ ಬರೆದುಕೊಂಡು ಮುಂದೆ ಹೋಗಿದೆ! ಪೆಡಲ್ ಕಥೆಯೂ ಅಷ್ಟೇ. ಪಕ್ಕಪಕ್ಕದ ಎರಡನ್ನು ಒಂದು ಪಾದ ಒತ್ತಬಹುದು. ನಡುವಿನ ಬಿ ಬಿಟ್ಟು ಎ ಮತ್ತು ಸಿ ಒತ್ತಲು ಆಗದು. ಮೂರನ್ನೂ ಒಟ್ಟಿಗೆ ಒತ್ತುವುದು ಅಪರೂಪ, ಅದನ್ನೂ ಬಿಡೋಣ. ಪೆಡಲ್‌ಗೆ 6 ಬಗೆ ಉಳಿಯುತ್ತದೆ, ಒಂದೊಂದು ಮೊಣಕಾಲಿಗೆ 3. ಗುಣಿಸಿದರೆ 54. ಪಟ್ಟಿ 648 ಸಾಲಿಗೆ ಇಳಿಯಿತು. ಉಳಿದದ್ದೆಲ್ಲ ಮನುಷ್ಯರ ಕಾಲಿಗೆ ಒಗ್ಗದ ಸಾಲುಗಳು. ಈ ಕಳೆಯುವ ಕೆಲಸವನ್ನು ಪ್ರೋಗ್ರಾಂನಿಂದಲೇ ಮಾಡಿಸಿ. ಹೇಗೆ ಮಾಡಿಸಿದಿರಿ ಎಂದು ಬರೆಯಿರಿ. ಓದಲು ರುಚಿ ಇರುವುದು ಅಲ್ಲಿ.

ಉಳಿದ 648 ಕೂಡ ಬೇಡ. ಒಂದು ಕಾರ್ಡ್ ಹಿಡಿದು ತೋರಿಸಿ. ಜಿ ಮೇಜರ್ ತೆಗೆದುಕೊಳ್ಳಿ. 3ನೇ ಫ್ರೆಟ್ಟಿನಲ್ಲಿ ಪೆಡಲ್ ಇಲ್ಲದೆ, 6ರಲ್ಲಿ ಎ ಪೆಡಲ್ ಜತೆ ಇ ಏರಿಸುವ ಲಿವರ್, 10ರಲ್ಲಿ ಎ, ಬಿ ಎರಡೂ ಪೆಡಲ್. ಮೂರೂ ನಿಮ್ಮ ಪಟ್ಟಿಯಲ್ಲಿವೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೇರೆ ಬೇರೆ ಪುಟದಲ್ಲಿ. ಒಂದೇ ಚಿತ್ರದಲ್ಲಿ ಇಟ್ಟರೆ 3ರಿಂದ 10ಕ್ಕೆ ಕೈಕಾಲು ಹೇಗೆ ಹೋಗಬೇಕು ಎಂಬುದು ಕಾಣುತ್ತದೆ.

ಆರನೇ ಪುಟದ ಅಡಿಯಲ್ಲಿ ‘ಭೂಪ್ ರಾಗ ಬಾರ್ ಕದಲಿಸದೆ ಸಿಗುತ್ತದೆ’ ಎಂದು ಒಂದು ಸಾಲಿದೆ. ಇಂಥ ಮಾತನ್ನು ಪಟ್ಟಿಯ ಕೆಳಗೆ ಯಾಕೆ ಬಚ್ಚಿಟ್ಟಿರಿ? ಲೇಖನ ಇಲ್ಲಿಂದಲೇ ಶುರುವಾಗಲಿ. ಸಾ, ರೆ, ಗ, ಪ ಪೆಡಲ್ ಮುಟ್ಟದೆಯೇ ಇವೆ. ಧ ಬರುವುದು ಎ ಪೆಡಲ್‌ನಿಂದ. ಆ ಪೆಡಲನ್ನು ಮೆಲ್ಲಗೆ ಒತ್ತಿದರೆ ಪ ಬಿಟ್ಟು ಧ ಮುಟ್ಟುವವರೆಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ತಾನಾಗಿ ಬರುತ್ತದೆ. ಪೇಟಿಯಲ್ಲಿ ಏನು ಮಾಡಿದರೂ ಇದು ಬಾರದು. ಆದರೆ ಪೆಡಲ್ ಧದಲ್ಲಿ ನಿಂತುಬಿಡುತ್ತದೆ. ಅದನ್ನು ಎಳೆಯಷ್ಟು ದಾಟಿ ವಾಪಸ್ ಬರಬೇಕೆಂದರೆ ಎಡಗೈಯ ಬಾರ್ ಕೆಲಸ ಮಾಡಬೇಕು. ವಾದ್ಯ ನಿಮ್ಮ ಮನೆಯಲ್ಲಿದೆ ಎಂದು ಪತ್ರದಲ್ಲಿದೆ. ಹಾಗಿದ್ದರೆ ನುಡಿಸಿದಾಗ ಏನು ಕೇಳಿಸಿತು, ಎಲ್ಲಿ ಕಾಲು ತಡವರಿಸಿತು, ಅದನ್ನು ಬರೆಯಿರಿ. ಇಡೀ ಲೇಖನದಲ್ಲಿ ನೀವು ಒಮ್ಮೆಯೂ ವಾದ್ಯದ ಮುಂದೆ ಕೂತಿಲ್ಲ.

‘ಭೂಪ್ ಸಿಗುತ್ತದೆ’ ಎನ್ನಬೇಡಿ, ಭೂಪ್‌ನ ಸ್ವರ ಸಿಗುತ್ತದೆ ಎನ್ನಿ. ದೇಶ್‌ಕಾರ್‌ಗೂ ಅವೇ ಐದು ಸ್ವರ. ಭೂಪ್‌ಗೆ ಗ ವಾದಿ (ಮುಖ್ಯ ಸ್ವರ), ದೇಶ್‌ಕಾರ್‌ಗೆ ಧ. ನಿಮ್ಮ ಪ್ರೋಗ್ರಾಂಗೆ ಎರಡೂ ಒಂದೇ. ರಾಯಚೂರಿನಲ್ಲಿ ಹಿಂದೂಸ್ತಾನಿ ಗಾಯಕ ಸಿದ್ದರಾಮ ಜಂಬಲದಿನ್ನಿಯವರನ್ನು ಕೇಳಿ ಬೆಳೆದ ಕಿವಿಗಳಿವೆ, ಸಂಚಿಕೆ ತಲುಪಿದ ಮರುದಿನವೇ ನನಗೆ ಪತ್ರ ಬರುತ್ತದೆ.

ಶ್ರುತಿಯ ಬಗ್ಗೆಯೂ ಒಂದು ಪ್ಯಾರಾ ಬೇಕು. ಪ್ರೋಗ್ರಾಂ ಪ್ರಕಾರ ಗ ಅಂದರೆ ಸಾದಿಂದ 400 ಸೆಂಟ್ (ಪೇಟಿಯ ಪಕ್ಕಪಕ್ಕದ ಎರಡು ಸ್ವರಗಳ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್). ತಂಬೂರಿಗೆ ಹೊಂದುವ ಗ ಸುಮಾರು 386. ಪೆಡಲ್ ಸ್ಟೀಲ್ ನುಡಿಸುವ ಎಷ್ಟೋ ಜನ ಗ ಆಗುವ ಜಿ ಶಾರ್ಪ್ ತಂತಿಯನ್ನು ಟ್ಯೂನರ್ ತೋರಿಸುವುದಕ್ಕಿಂತ ತುಸು ಕೆಳಗೇ ಕಟ್ಟುತ್ತಾರೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಹಾಕಿದಾಗ ಇಂಥ ತಕರಾರೂ ಇತ್ತು. ನಮ್ಮ ಪೇಟಿ ಮಾಸ್ತರರ ಮುಂದೆ ಆ ಕಥೆ ಎತ್ತುವುದಾದರೆ ಸ್ವಲ್ಪ ಹುಷಾರು.

ತಿದ್ದಿದ ಲೇಖನ ಮೂರು ಪುಟ ಮೀರದಿರಲಿ. ಚಿತ್ರ ಒಂದೇ ಸಾಕು, ಜಿ ಮೇಜರ್‌ದು. ನಮ್ಮದು ಕಪ್ಪು ಬಿಳುಪು ಅಚ್ಚು, ನಿಮ್ಮ ಕೆಂಪು, ಹಸಿರು ಚುಕ್ಕೆಗಳು ಒಂದೇ ಥರ ಕಾಣುತ್ತವೆ. ಚುಕ್ಕೆ ಬದಲು ಸ್ವರದ ಅಕ್ಷರ ಬರೆಯಿರಿ. ಪ್ರೋಗ್ರಾಂ ಕೇಳಿದವರಿಗೆ ನೀವೇ ಕಳಿಸಲು ಒಪ್ಪಿದರೆ ಲೇಖನದ ಕೊನೆಗೆ ಹಾಗೆಂದು ಹಾಕೋಣ. ಪೂರ್ತಿ ಪಟ್ಟಿ ಬೇಕಾದವರು ಅದರಲ್ಲೇ ತೆಗೆದುಕೊಳ್ಳಲಿ.

ಸಂಪಾದಕ, ಬಳ್ಳಾರಿ