ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟ ಹಾರ್ಟ್ಸ್ ಆಫ್ ಐರನ್ 4ರಲ್ಲಿ ಜಪಾನ್ ಆಗಿ ಆಡುವವರು ಗೆಲ್ಲುತ್ತಿದ್ದರೂ ಸದಾ ತೈಲದ ಬಗ್ಗೆ ಯಾಕೆ ತಲೆಕೆಡಿಸಿಕೊಳ್ತಾರೆ?

ಜಪಾನಿನ ನೆಲದಲ್ಲಿ ತೈಲ ಇಲ್ಲವೆನ್ನುವಷ್ಟು ಕಡಿಮೆ. ಆಟದಲ್ಲೂ ಅಷ್ಟೇ, ನಿಜದಲ್ಲೂ ಅಷ್ಟೇ. 1941ರಲ್ಲಿ ಅಮೆರಿಕ ತೈಲ ಕೊಡುವುದನ್ನು ನಿಲ್ಲಿಸಿದ್ದು ಪರ್ಲ್ ಹಾರ್ಬರ್ ದಾಳಿಗೆ ದೊಡ್ಡ ಕಾರಣ. ಡಚ್ಚರ ಕೈಲಿದ್ದ ಸುಮಾತ್ರಾದ ತೈಲಕ್ಕಾಗಿ 1942ರ ಫೆಬ್ರುವರಿಯಲ್ಲಿ ಅಲ್ಲಿನ ಪಾಲೆಂಬಾಂಗ್‌ನಲ್ಲಿ ಜಪಾನೀಯರು ಪ್ಯಾರಾಟ್ರೂಪರ್‌ಗಳನ್ನೇ ಇಳಿಸಿದರು.

ಆದ್ದರಿಂದ ಯಾರಾದರೂ ಜಪಾನ್ ಆಗಿ ಆಡುವುದನ್ನು ನೋಡುವಾಗ ನಕ್ಷೆಯಲ್ಲಿ ಹರಡುವ ಬಣ್ಣಕ್ಕೆ ಮರುಳಾಗಬೇಡಿ, ಮೇಲಿನ ಪಟ್ಟಿಯಲ್ಲಿರುವ ಇಂಧನ ಮತ್ತು ಸರಕು ಹಡಗುಗಳ ಸಂಖ್ಯೆ ನೋಡಿ. ಬಾವಿ ಸಿಕ್ಕರೆ ಸಾಲದು, ತೈಲ ಸಮುದ್ರ ದಾಟಿ ಬರಬೇಕು. ದಾರಿಯಲ್ಲಿ ಶತ್ರುಗಳ ಜಲಾಂತರ್ಗಾಮಿಗಳು ಕಾದಿರುತ್ತವೆ. ಇಂಧನ ಮುಗಿದರೆ ಯಮಾಟೊದಂಥ ದೈತ್ಯ ನೌಕೆಯೂ ದಂಡಪಿಂಡವೇ. ಸರಕು ಹಡಗುಗಳ ಬೆಂಗಾವಲಿಗೆ ಸಾಲುಸಾಲು ಡೆಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ) ಕಟ್ಟುವ ಆಟಗಾರ ಬೋರು ಹೊಡೆಸಬಹುದು. ಆದರೆ ನಿಜವಾದ ಜಪಾನಿ ನೌಕಾಪಡೆ ಅದಕ್ಕೊಂದು ಪ್ರತ್ಯೇಕ ಕಮಾಂಡ್ ಮಾಡಿದ್ದೇ 1943ರ ನವೆಂಬರ್‌ನಲ್ಲಿ, ಅಷ್ಟರಲ್ಲಿ ತಡವಾಗಿತ್ತು.