ಭಾವ ಕೊಟ್ಟ ಕೈಸಾಲವನ್ನೂ ಬರೆಯಬೇಕಾ?

ಪ್ರಶ್ನೆ: ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟವಿದೆ. ಸಾಲ ತೀರಿಸಲು ಆಗುತ್ತಿಲ್ಲ, ದಿವಾಳಿ ಅರ್ಜಿ ಹಾಕಬೇಕೆಂದಿದ್ದೇನೆ. ಭಾವ ಕೊಟ್ಟ ಕೈಸಾಲಕ್ಕೆ ಪತ್ರವೇ ಇಲ್ಲ, ಅದನ್ನೂ ಬರೆಯಬೇಕಾ?

ಉತ್ತರ: ಬರೆಯಲೇಬೇಕು ಮಾರಾಯ್ರೆ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 13ನೇ ಕಲಂ ಕೇಳುವುದು ಎಲ್ಲ ಸಾಲವನ್ನು. ಬ್ಯಾಂಕು, ಸೊಸೈಟಿ, ಗೊಬ್ಬರದಂಗಡಿ ಬಾಕಿ, ಭಾವ, ಹೀಗೆ ಎಲ್ಲರ ಹೆಸರು, ವಿಳಾಸ, ಮೊತ್ತ ಬೇಕು. ಆಸ್ತಿಯೂ ಅಷ್ಟೇ, ಎಲ್ಲಿದೆ, ಎಷ್ಟು ಬೆಲೆ ಅಂತ ತೋರಿಸಬೇಕು. ಜನ ಜಾಸ್ತಿ ಎಡವುವುದು ಇಲ್ಲೇ: ತೋಟ ಬರೆಯುತ್ತಾರೆ, ಅಟ್ಟದ ಮೇಲೆ ಚೀಲ ಕಟ್ಟಿಟ್ಟ ಒಳ್ಳೆಮೆಣಸು ಮರೆತುಹೋಗುತ್ತದೆ (ಕೆಲವರಿಗೆ ಬೇಕಂತಲೇ ಮರೆಯುತ್ತದೆ, ಅಲ್ವಾ!). ಬೇಕಂತ ಮುಚ್ಚಿಟ್ಟದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು. ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಪಹಣಿಯಲ್ಲಿ ಯಾರ್ಯಾರ ಹೆಸರಿದೆ ನೋಡಿಕೊಂಡೇ ವಕೀಲರ ಹತ್ತಿರ ಹೋಗಿ.