ಚಂದ್ರನ ಬಿಳಿ ಕಲ್ಲಿನಲ್ಲಿ ಕಬ್ಬಿಣ ಎಷ್ಟು?

ಪ್ರಶ್ನೆ: ಸರ್, ಚಂದ್ರಯಾನ-3 ಇಳಿದ ಜಾಗದ ಮಣ್ಣು 'ಫೆರೋವನ್ ಅನಾರ್ಥೊಸೈಟ್' ಜಾತಿಯದು ಅಂತ ಓದಿದೆ. ಫೆರೋ ಅಂದರೆ ಕಬ್ಬಿಣ ತಾನೆ? ಆ ಕಲ್ಲು ಬಹುಪಾಲು ಫೆಲ್ಡ್‌ಸ್ಪಾರ್ ಅನ್ನುವ ಖನಿಜ. ಆದರೆ ಮ್ಯಾಗ್ಮಾದಲ್ಲಿ (ಕರಗಿದ ಕಲ್ಲಿನಲ್ಲಿ) ಆಮ್ಲಜನಕ ಜಾಸ್ತಿ ಇದ್ದರೆ ಫೆಲ್ಡ್‌ಸ್ಪಾರ್‌ಗೆ ಕಬ್ಬಿಣ ಚೆನ್ನಾಗಿ ಸೇರುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರು. ಚಂದ್ರನಲ್ಲಿ ಆಮ್ಲಜನಕವೇ ಇಲ್ವಲ್ಲ?
— ಭೂವಿಜ್ಞಾನ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಕ್ಲಾಸಿನಲ್ಲಿ ಹೇಳಿದ್ದು ಸರಿ. ಗೊಂದಲ ಹುಟ್ಟಿಸಿದ್ದು ಆ ಹೆಸರು. 'ಫೆರೋವನ್' ಅನ್ನುವುದು ಫೆಲ್ಡ್‌ಸ್ಪಾರ್‌ನ ಬಗ್ಗೆ ಅಲ್ಲವೇ ಅಲ್ಲ! ಅದರ ಜೊತೆಗೆ ಅಷ್ಟಿಷ್ಟು ಇರುವ ಗಾಢ ಬಣ್ಣದ ಖನಿಜಗಳಾದ ಪೈರಾಕ್ಸೀನ್, ಆಲಿವೀನ್‌ಗಳಲ್ಲಿ ಮೆಗ್ನೀಸಿಯಂಗೆ ಹೋಲಿಸಿದರೆ ಕಬ್ಬಿಣ ಜಾಸ್ತಿ, ಅದಕ್ಕೆ ಆ ಹೆಸರು. ಫೆಲ್ಡ್‌ಸ್ಪಾರ್ ಮಾತ್ರ ಬೆಳ್ಳಗೇ ಇದೆ, ಅದರಲ್ಲಿ ಕಬ್ಬಿಣ ಶೇಕಡಾ 1ಕ್ಕಿಂತ ಎಷ್ಟೋ ಕಡಿಮೆ. 1971ರಲ್ಲಿ ಅಪೊಲೊ 15ರವರು ತಂದ 'ಜೆನೆಸಿಸ್ ರಾಕ್' ಕೂಡ ಇದೇ ಜಾತಿ.

ಇನ್ನು ಆಮ್ಲಜನಕ. ಚಂದ್ರನಲ್ಲಿ ಗಾಳಿ ಇಲ್ಲ, ನಿಜ, ಆದರೆ ಅಲ್ಲಿನ ಕಲ್ಲಿನ ತೂಕದಲ್ಲಿ ಶೇಕಡಾ 40ಕ್ಕೂ ಹೆಚ್ಚು ಆಮ್ಲಜನಕವೇ. ಸಿಲಿಕಾನ್, ಅಲ್ಯುಮಿನಿಯಂಗಳ ಜೊತೆ ಗಟ್ಟಿಯಾಗಿ ಕೂಡಿಕೊಂಡಿದೆ. ಮ್ಯಾಗ್ಮಾದ ವಿಷಯದಲ್ಲಿ ನಾವು ಲೆಕ್ಕ ಹಾಕುವುದು ಅದನ್ನಲ್ಲ. ಬೇರೆಯವರ ಜೊತೆ ಸೇರಲು ಬಿಡುವಾಗಿರುವ ಆಮ್ಲಜನಕ ಎಷ್ಟು ಅನ್ನುವುದನ್ನು. ಅದು ಭೂಮಿಯಲ್ಲೂ ತೀರಾ ಕಡಿಮೆ: 1200 ಡಿಗ್ರಿ ಸೆಲ್ಸಿಯಸ್‌ನ ಸಾಮಾನ್ಯ ಬಸಾಲ್ಟ್ (ಲಾವಾ ತಣಿದು ಆಗುವ ಕಪ್ಪು ಕಲ್ಲು) ಮ್ಯಾಗ್ಮಾದಲ್ಲಿ ಅದರ ಒತ್ತಡ ನಮ್ಮ ವಾಯುಭಾರದ ಸುಮಾರು ಹತ್ತು ಕೋಟಿಯಲ್ಲಿ ಒಂದು ಪಾಲು. ಚಂದ್ರನ ಮ್ಯಾಗ್ಮಾದಲ್ಲಿ ಅದಕ್ಕಿಂತಲೂ ಹತ್ತಾರು ಸಾವಿರ ಪಟ್ಟು ಕಡಿಮೆ. ಎಷ್ಟು ಕಡಿಮೆ ಅಂದರೆ ಅಲ್ಲಿನ ಕಲ್ಲುಗಳಲ್ಲಿ ಅಪ್ಪಟ ಕಬ್ಬಿಣದ ಲೋಹದ ಕಣಗಳೇ ಸಿಗುತ್ತವೆ.

ಇಷ್ಟು ಚೂರು ಆಮ್ಲಜನಕದಿಂದ ಏನು ವ್ಯತ್ಯಾಸ ಅಂತೀರಾ? ಕಬ್ಬಿಣದ ರೂಪವೇ ಬದಲಾಗುತ್ತದೆ. ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಕಬ್ಬಿಣ ಒಂದು, ಮೂರು ಬಿಟ್ಟುಕೊಟ್ಟದ್ದು ಇನ್ನೊಂದು (ತುಕ್ಕಿನಲ್ಲಿರುವುದು ಈ ಎರಡನೆಯದು). ಆಮ್ಲಜನಕ ಹೆಚ್ಚಿದಷ್ಟೂ ಎರಡನೆಯದು ಹೆಚ್ಚು. ಫೆಲ್ಡ್‌ಸ್ಪಾರ್ ಹರಳನ್ನು ಮದುವೆ ಮನೆಯ ಪಂಕ್ತಿ ಅಂದುಕೊಳ್ಳಿ. ಅಲ್ಯುಮಿನಿಯಂಗೆ ಹಾಕಿದ ಎಲೆಗೆ ತುಕ್ಕಿನ ಜಾತಿಯ ಕಬ್ಬಿಣ ಬಂದು ಕೂರಬಹುದು. ಅದರದೂ ಅಲ್ಯುಮಿನಿಯಂನಷ್ಟೇ ವಿದ್ಯುದಂಶ, ಗಾತ್ರ ಸ್ವಲ್ಪ ದೊಡ್ಡದು, ಒತ್ತಿಕೊಂಡು ಕೂರುತ್ತದೆ. ಎರಡು ಎಲೆಕ್ಟ್ರಾನ್ ಬಿಟ್ಟ ಮೊದಲನೆಯದಕ್ಕೆ ಆ ಎಲೆ ಅಷ್ಟು ಹೊಂದುವುದಿಲ್ಲ, ಕ್ಯಾಲ್ಸಿಯಂನ ಜಾಗದಲ್ಲೋ ಎಲ್ಲೋ ಅಷ್ಟಿಷ್ಟು ನುಸುಳುತ್ತದೆ, ಉಳಿದದ್ದು ಮ್ಯಾಗ್ಮಾದಲ್ಲೇ ಇದ್ದು ಪೈರಾಕ್ಸೀನ್ ಪಾಲಾಗುತ್ತದೆ. ಅದಕ್ಕೇ ಒಂದೇ ಮ್ಯಾಗ್ಮಾವನ್ನು ಲ್ಯಾಬಿನ ಕುಲುಮೆಯಲ್ಲಿ ಬೇರೆ ಬೇರೆ ಆಮ್ಲಜನಕದಲ್ಲಿ ತಣಿಸಿದರೆ ಫೆಲ್ಡ್‌ಸ್ಪಾರ್‌ನ ಕಬ್ಬಿಣವೂ ಏರುಪೇರಾಗುತ್ತದೆ.

ಹಾಗಂತ, ಕಬ್ಬಿಣ ಜಾಸ್ತಿ ಕಂಡರೆ ಆಮ್ಲಜನಕ ಜಾಸ್ತಿ ಅಂತ ಪರೀಕ್ಷೆಯಲ್ಲಿ ಸುಮ್ನೆ ಬರೆದುಬಿಡಬೇಡಿ. ಚಂದ್ರನ ಕಪ್ಪು ಬಯಲುಗಳ ಬಸಾಲ್ಟ್‌ನಲ್ಲಿ ಆಮ್ಲಜನಕ ಅಷ್ಟೇ ಕಡಿಮೆ, ಆದರೂ ಅದರ ಫೆಲ್ಡ್‌ಸ್ಪಾರ್‌ನಲ್ಲಿ ಬಿಳಿ ಕಲ್ಲಿಗಿಂತ ಕಬ್ಬಿಣ ಹೆಚ್ಚು. ಆ ಮ್ಯಾಗ್ಮಾದಲ್ಲೇ ಕಬ್ಬಿಣದ ಆಕ್ಸೈಡ್ ಶೇಕಡಾ 20ರ ಹತ್ತಿರ ಇತ್ತಲ್ಲ! ಭೂಮಿಯ ಮ್ಯಾಗ್ಮಾಗಳಲ್ಲಿ ಇನ್ನೊಂದು ತರಲೆ: ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಹರಳುಗಟ್ಟಲು ಶುರುವಾದರೆ ತುಕ್ಕಿನ ಜಾತಿಯ ಕಬ್ಬಿಣವನ್ನೆಲ್ಲ ಅದೇ ಬಾಚಿಕೊಳ್ಳುತ್ತದೆ. ಹರಳಿನಲ್ಲಿ ಯಾವ ಧಾತು ಎಷ್ಟು ಅಂತ ಅಳೆಯುವ ಮೈಕ್ರೋಪ್ರೋಬ್ ಯಂತ್ರವೂ ಸಾಮಾನ್ಯವಾಗಿ ಒಟ್ಟು ಕಬ್ಬಿಣ ಎಷ್ಟು ಅಂತ ಹೇಳುತ್ತದೆ, ಯಾವ ಜಾತಿ ಅಂತ ಹೇಳುವುದಿಲ್ಲ.

ಪ್ರಶ್ನೆ: ಮನೆ ಮೆಟ್ಟಿಲಿಗೆ ಇಳಕಲ್ ಕೆಂಪು ಗ್ರಾನೈಟ್ ಹಾಕಿಸುತ್ತಿದ್ದೇವೆ. ಆ ಬಣ್ಣ ಕಬ್ಬಿಣದ್ದಂತೆ. ಮಳೆಗೆ ತುಕ್ಕು ಹಿಡಿಯುತ್ತಾ?
— ಓದುಗರು, ಗದಗ

ಉತ್ತರ: ಚಿಂತೆ ಬೇಡ. ಕೆಂಪು ಫೆಲ್ಡ್‌ಸ್ಪಾರ್‌ನ ಬಣ್ಣ ಹೆಚ್ಚಾಗಿ ಅದರೊಳಗಿನ ಹೆಮಟೈಟ್ ಪುಡಿಯದು, ಅದು ಬಹುಮಟ್ಟಿಗೆ ಕಲ್ಲು ತಣಿದ ಮೇಲೆ ಮೂಡಿದ್ದು. ಹೆಮಟೈಟ್ ಅಂದರೆ ಆಗಲೇ ಪೂರ್ತಿ ತುಕ್ಕಾದ ಕಬ್ಬಿಣ, ಇನ್ನೇನು ತುಕ್ಕು ಹಿಡಿದೀತು? ಕಲೆ ಬೀಳುವುದು ಪೈರೈಟ್ (ಕಬ್ಬಿಣ, ಗಂಧಕ ಕೂಡಿದ ಖನಿಜ) ಚುಕ್ಕೆಗಳಿರುವ ಕಲ್ಲಿನಲ್ಲಿ, ತಿಳಿ ಬಣ್ಣದ್ದಾದರೆ ಎದ್ದು ಕಾಣುತ್ತದೆ. ಕೊಳ್ಳುವಾಗ ಹಿತ್ತಾಳೆಯಂತೆ ಹೊಳೆಯುವ ಚುಕ್ಕೆ ಇದೆಯಾ ನೋಡಿಕೊಳ್ಳಿ.